ಎರಡನೆಯ ಭಾಗಕ್ಕೊಂದು ಕೈ

"ಬರ್ಕೊಳ್ಳೋಕೆ ಮಾತ್ರ ಹೋಗ್ಬೇಡಿ ಅಮ್ಮ," ಎಂದರು ಕರಡು ತಿದ್ದುವ ಮುದುಕರು. "ಓದಿ. ಬೇಕಾದ್ರೆ ನೂರು ಸಲ ಓದಿ. ಓದಿದವರಿಗೆ ಏನೂ ಆಗಲ್ಲ. ಮೊದಲನೇ ಭಾಗಾನ ನಾನೇ ಮೂರು ಸಲ ಓದಿ ತಿದ್ದಿದೀನಿ, ನೋಡಿ, ಗುಂಡುಕಲ್ಲಿನ ಹಾಗೆ ಕೂತಿದೀನಿ. ಆದ್ರೆ ನಿಮ್ಮತ್ತಿಗೆ ಬಾಯಲ್ಲಿ ಬಂದದ್ದನ್ನ ನಿಮ್ಮ ಕೈಯಾರೆ ಬರ್ಕೊಳ್ಬೇಡಿ."

ಪ್ರಕಾಶಕರ ಕಚೇರಿಯ ಹಿಂದಿನ ಕೋಣೆ ಅದು. ಮಾರಾಟವಾಗದೆ ಮರಳಿ ಬಂದ ಪುಸ್ತಕಗಳ ಕಟ್ಟುಗಳು ಚಾವಣಿಯವರೆಗೆ ಏರಿದ್ದವು. ಮುದುಕರ ಮೇಜಿಗೂ ಎದುರಿನ ಕುರ್ಚಿಗೂ ಅಷ್ಟೇ ಜಾಗ ಉಳಿದಿತ್ತು. ಅಂಟಿನ ವಾಸನೆ, ಹಳೆಯ ಕಾಗದದ ಮುಗ್ಗಲು ವಾಸನೆ. ಕುರ್ಚಿಯಲ್ಲಿದ್ದ ಹೆಂಗಸು ನಕ್ಕುಬಿಟ್ಟಳು.

ಅವಳು ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದವಳು. ನ್ಯಾಯಾಧೀಶರಿಂದ ಹಿಡಿದು ಕೈಕೋಳ ತೊಟ್ಟು ಬಂದವರವರೆಗೆ ಎಲ್ಲರ ಬಾಯಲ್ಲೂ ಅವಳು ಬರಿಯ 'ಸ್ಟೆನೊ'. ಕೆಲಸ ಬಿಟ್ಟು ವರ್ಷವಾದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

"ಅಲ್ಲ ಸ್ವಾಮಿ, ಹೆಂಡತಿ ಕತ್ತು ಕುಯ್ದವನ ಹೇಳಿಕೇನ ಬೆಳಿಗ್ಗೆ ಬರ್ಕೊಂಡು, ಮಧ್ಯಾಹ್ನ ಅದೇ ಕೈಯಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಿದೀನಿ. ಬರ್ಕೊಂಡವರಿಗೆ ತಗಲೋದಾದ್ರೆ ನಾನು ಎಷ್ಟು ಸಲ ಸಾಯ್ಬೇಕಿತ್ತು?"

"ನಿಮ್ಮಣ್ಣ ಒಂದೇ ಸಲಕ್ಕೆ ಹೋದ್ರು," ಎಂದರು ಮುದುಕರು.

ಅವಳ ನಗು ಅರ್ಧಕ್ಕೆ ನಿಂತಿತು. ಮೊಂಡುತನ ನಿಲ್ಲಲಿಲ್ಲ.

"ಕೈ ನೋವು ಅನ್ನೋದಾದ್ರೆ ಆಕೆ ಫೋನಿಗೆ ಹೇಳ್ಬಹುದಲ್ಲ?" ಮುದುಕರು ದನಿ ತಗ್ಗಿಸಿದರು. "ಈಗಿನ ಫೋನು ತಾನೇ ಬರ್ಕೊಳ್ಳುತ್ತೆ. ನಮ್ಮ ಯಜಮಾನರೂ ಅದನ್ನೇ ಹೇಳಿದ್ರು. ಬೇಡ, ನನಗೆ ಕೈಯೇ ಬೇಕು ಅಂದ್ರಂತೆ. ಯಾಕೆ ಅಂತ ಯೋಚ್ನೆ ಮಾಡಿ."

"ಯಾಕೆ ಅಂದ್ರೆ ನಮ್ಮತ್ತಿಗೆಗೆ ಟಿವಿ ರಿಮೋಟೇ ಸರಿಯಾಗಿ ಬರಲ್ಲ." ಬಿಳಿ ಕಾಗದದ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಎದ್ದಳು. ಅವಳು ಹೋಗುವವರೆಗೂ ಮುದುಕರು ಅವಳ ಮುಖ ನೋಡದೆ ಅವಳ ಬಲಗೈಯನ್ನೇ ನೋಡುತ್ತಿದ್ದರು.

ಒಂದು ಮನೆ, ಅದರ ಗೋಡೆಯೊಳಗೆ ಯಾರೋ ಯಾರಿಗೋ ಮಾಡಿ ಹುಗಿದಿಟ್ಟ ಮಾಟ, ಆ ಮಾಟ ಕೋಣೆಯಿಂದ ಕೋಣೆಗೆ ಒಬ್ಬ ಗಂಡಸನ್ನು ಚೂರುಚೂರಾಗಿ ತಿಂದುಹಾಕುವ ಕತೆ: ಅತ್ತಿಗೆಯ ಮೊದಲ ಭಾಗ ಅದು. ಅತ್ತಿಗೆ ಹೇಳಿದ್ದಳು, ಅಣ್ಣ ಬರೆದುಕೊಂಡಿದ್ದ. ಪುಸ್ತಕ ಮುಗಿದ ವಾರದಲ್ಲೇ ಅಣ್ಣ ತೀರಿಕೊಂಡ. ನರದ ಕಾಯಿಲೆ ಎಂದರು. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ಸಲ ಮುಖ ನೋಡಲೂ ಕರೆಯದಿದ್ದ ಅತ್ತಿಗೆಯ ಜೊತೆ ಅವಳು ಅಂದೇ ಮಾತು ಬಿಟ್ಟಿದ್ದಳು. ನಾಲ್ಕು ವರ್ಷದ ಮೇಲೆ ಅತ್ತಿಗೆಯೇ ಫೋನ್ ಮಾಡಿದಳು. ಮೆಟ್ಟಿಲ ಮೇಲೆ ಜಾರಿಬಿದ್ದು ಬಲಗೈ ಮುರಿದಿದೆ, ಓದುಗರು ಎರಡನೆಯ ಭಾಗಕ್ಕೆ ಬಾಯಿ ಬಿಡುತ್ತಿದ್ದಾರೆ, ನಿನ್ನಷ್ಟು ವೇಗ ಇನ್ಯಾರಿಗಿದೆ, ಎಂದಳು. ವರ್ಷವಿಡೀ ಸುಮ್ಮನಿದ್ದ ಕೈಗೆ ಆ ಹೊಗಳಿಕೆ ಹಿತವಾಯಿತು. ಅಣ್ಣ ಉಸಿರಾಡಿದ ಮನೆಯನ್ನೊಮ್ಮೆ ನೋಡಬೇಕೆಂಬ ಆಸೆಯೂ ಇತ್ತು.

ಬೀದಿಯ ಕೊನೆಯ ಮನೆ. ಪಕ್ಕದಲ್ಲೊಂದು ಟೈರ್ ಅಂಗಡಿ. ಅಲ್ಲಿ ಸುತ್ತಿಗೆಯ ಏಟು, ಗಾಳಿ ತುಂಬುವ ಯಂತ್ರದ ಒದರಾಟ, ಬೆಂದ ರಬ್ಬರಿನ ನಾತ. ಮನೆಯ ಬಾಗಿಲು ಹಿಂದೆ ಮುಚ್ಚಿಕೊಂಡದ್ದೇ ತಡ, ಅದೆಲ್ಲ ಕತ್ತರಿಸಿ ತೆಗೆದ ಹಾಗೆ ನಿಂತುಹೋಯಿತು. ಒಳಗೆ ಹಸಿ ಸುಣ್ಣದ ವಾಸನೆ. ಅದರಡಿಯಲ್ಲಿ ಇನ್ನೊಂದು, ಬಾಚಣಿಗೆಯ ಕೂದಲನ್ನು ಒಲೆಗೆಸೆದಾಗ ಬರುವಂಥದ್ದು.

"ಬಂದ್ಯಾ ಮರಿ," ಎಂದಳು ಅತ್ತಿಗೆ. ಬಲಗೈ ಬಿಳಿಯ ಜೋಲಿಯಲ್ಲಿ ಕುತ್ತಿಗೆಗೆ ತೂಗುತ್ತಿತ್ತು. ಮರಿ ಎಂದು ಅವಳನ್ನು ಕರೆಯುತ್ತಿದ್ದದ್ದು ಅಣ್ಣ ಒಬ್ಬನೇ. ಆ ಮಾತು ಅತ್ತಿಗೆಯ ಬಾಯಲ್ಲಿ ಕೇಳಿ ಅವಳಿಗೆ ಮೈ ಉರಿಯಿತು.

ಹೇಳಿ ಬರೆಸುವುದು ಒಳಕೋಣೆಯಲ್ಲಿ. ಕಿಟಕಿಯಿಲ್ಲದ ಕೋಣೆ, ಬೆಳಕು ಕಣ್ಣು ಚುಚ್ಚುತ್ತದೆ ಎಂದು ಅತ್ತಿಗೆ ದೀಪವನ್ನೂ ಹಾಕಗೊಡಲಿಲ್ಲ. ಹೊರಗೆ ಹತ್ತು ಗಂಟೆಯ ಬಿಸಿಲು ಹೊಳೆಯುತ್ತಿದ್ದರೆ ಒಳಗೆ ಬಾಗಿಲ ಸಂದಿಯಿಂದ ಬಂದ ಒಂದು ಗೆರೆ ಬೆಳಕು ಮಾತ್ರ. ಆ ಗೆರೆ ಎದುರು ಗೋಡೆಯ ಮೇಲಿನ ಒಂದು ತೇಪೆಯ ಮೇಲೆ ಬೀಳುತ್ತಿತ್ತು. ಅಂಗೈ ಅಗಲದಷ್ಟು ಕಡೆ ಯಾವತ್ತೋ ಒಡೆದು ಮತ್ತೆ ಗಾರೆ ಹಾಕಿದ ಗುರುತು.

ಸ್ಟೆನೊಗೆ ಬೆಳಕು ಬೇಕಿರಲಿಲ್ಲ. ತೊಡೆಯ ಮೇಲೆ ಪುಸ್ತಕ, ಎಡ ಹೆಬ್ಬೆರಳು ಮುಂದಿನ ಹಾಳೆಯ ಮೂಲೆಯಲ್ಲಿ, ಬಲಗೈಯಲ್ಲಿ ಮೆದು ಪೆನ್ಸಿಲು. ಅತ್ತಿಗೆ ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ತಡವರಿಕೆಯಿಲ್ಲ, ಪದಕ್ಕೆ ಹುಡುಕಾಟವಿಲ್ಲ, ಕೆಮ್ಮಿಲ್ಲ. ಎದುರಿಗಿಟ್ಟದ್ದನ್ನು ಓದಿದ ಹಾಗೆ. ಒಮ್ಮೆ ನಡುವೆ ಸ್ಟೆನೊ "ಎಷ್ಟು ಮೆಟ್ಟಿಲು?" ಎಂದು ಕೇಳಿದಾಗಲೂ ಕಣ್ಣು ತೆರೆಯದೆ, ದನಿ ಬದಲಿಸದೆ, "ಹದಿನಾರು" ಎಂದು ಉತ್ತರಿಸಿ ಹಾಗೆಯೇ ಮುಂದೆ ಹೋದಳು. ಇಷ್ಟು ಸಲೀಸಾಗಿ ಮಾತಾಡುವ ಸಾಕ್ಷಿಯನ್ನು ಸ್ಟೆನೊ ಕೋರ್ಟಿನಲ್ಲಿ ಒಬ್ಬರನ್ನೂ ಕಂಡಿರಲಿಲ್ಲ.

ಕತೆ ಹೀಗಿತ್ತು. ಅದೇ ಮನೆಗೆ ಈ ಸಲ ಒಬ್ಬ ಹೆಂಗಸು ಬರುತ್ತಾಳೆ. ಯಾರ ಮಾತೂ ಕೇಳದವಳು. ಮೊದಲ ಅಧ್ಯಾಯದಲ್ಲಿ ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಾಳೆ, ನಾಲಿಗೆಯ ರುಚಿ ಹೋಗುತ್ತದೆ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸ್ಟೆನೊಗೆ ಸಾರಿನಲ್ಲಿ ಉಪ್ಪು ಸಿಗಲಿಲ್ಲ. ಹಾಕಿಕೊಂಡಳು. ಇನ್ನೂ ಹಾಕಿಕೊಂಡಳು. ಕೊನೆಗೆ ಬರೀ ಉಪ್ಪನ್ನೇ ಚಿಟಿಕೆ ಬಾಯಿಗಿಟ್ಟಳು. ಮರಳು.

"ನೆಗಡಿ ಇರ್ಬೇಕು," ಎಂದಳು ಅತ್ತಿಗೆ, ಎಡಗೈಯಲ್ಲಿ ಉಣ್ಣುತ್ತಾ.

"ಇರ್ಬೇಕು," ಎಂದಳು ಇವಳು. ನಿಜಕ್ಕೂ ಹಾಗೆಂದೇ ನಂಬಿದಳು.

ಮೂರನೆಯ ಅಧ್ಯಾಯದಲ್ಲಿ ಪುಸ್ತಕದ ಹೆಂಗಸು ಮೆಟ್ಟಿಲು ಹತ್ತುವಾಗ ಯಾರೋ ಎಡಗಿವಿಗೆ ಬಾಯಿಟ್ಟು ಊದುತ್ತಾರೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಸ್ಟೆನೊಗೆ ನಲ್ಲಿಯ ಸದ್ದು ಒಂದೇ ಕಡೆಯಿಂದ ಕೇಳಿಸಿತು. ಕಿವಿಯ ಡಾಕ್ಟರು ದೀಪ ಬಿಟ್ಟು ನೋಡಿ, ನಿಮ್ಮ ಕಿವಿ ಕನ್ನಡಿಯ ಹಾಗಿದೆಯಲ್ಲಮ್ಮ, ಎಂದರು. ವಯಸ್ಸು, ಎಂದುಕೊಂಡಳು. ಐದರಲ್ಲಿ ಎಡಗಾಲು. ಮಂಡಿಯ ಕೆಳಗೆ ಬಿಸಿನೀರೂ ತಣ್ಣೀರೂ ಒಂದೇ ಆಯಿತು. ಕೂತು ಕೂತು ಜೋಮು ಹಿಡಿದಿದೆ, ಎಂದುಕೊಂಡಳು. ಮೂವತ್ತೊಂದು ವರ್ಷ ಸುಳ್ಳುಗಾರರ ಎದುರು ಕೂತಿದ್ದವಳಿಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸುಳ್ಳು ಮಾತ್ರ ತಿಳಿಯಲಿಲ್ಲ. ಕೈಗೆ ಅಷ್ಟು ಸುಖವಾಗಿತ್ತು. ಪೆನ್ಸಿಲು ಹಿಡಿದರೆ ಸಾಕು, ಹದಿನೆಂಟರ ಹುಡುಗಿಯ ಕೈ ಅದು.

ಮಧ್ಯಾಹ್ನಗಳಲ್ಲಿ ಮಹಡಿಯ ಮೇಲೆ ಅಣ್ಣನ ಕೋಣೆಯಲ್ಲಿ ಕೂತು ಬೆಳಗಿನ ಗೆರೆಗಳನ್ನು ಅಕ್ಷರಕ್ಕಿಳಿಸುತ್ತಿದ್ದಳು. ಏಳನೆಯ ಅಧ್ಯಾಯದ ನಡುವೆ ಅವಳಿಗೊಂದು ಪದ ಅಡ್ಡ ಬಂತು. 'ಪೇಟ'. ಕತೆಯಲ್ಲಿ ಪೇಟ ಸುತ್ತಿದವರು ಯಾರೂ ಇರಲಿಲ್ಲ. ಹಾಳೆ ತಿರುವಿದಳು. ಎರಡು ಸಾಲುಗಳ ನಡುವೆ, ಸಣ್ಣದಾಗಿ, ಮತ್ತೆ 'ಪೇಟ'. ಇನ್ನೊಂದು ಹಾಳೆಯಲ್ಲಿ ಮೂರು ಸಲ. ಅದು ಅವಳ ಬರವಣಿಗೆಯಲ್ಲ. ಗೆರೆಗಳು ನಡುಗಿದ್ದವು, ಹೊಸದಾಗಿ ಕಲಿಯುವವರ ಗೆರೆಯ ಹಾಗೆ.

ಪೆನ್ಸಿಲು ಅವಳ ಕೈಯಿಂದ ಉರುಳಿತು.

ಶೀಘ್ರಲಿಪಿಯಲ್ಲಿ ಒಂದೇ ಗೆರೆಯನ್ನು ತೆಳ್ಳಗೆ ಎಳೆದರೆ ಪ, ಒತ್ತಿ ದಪ್ಪಗೆ ಎಳೆದರೆ ಬ. ತೆಳ್ಳಗಿದ್ದರೆ ಟ, ದಪ್ಪಗಿದ್ದರೆ ಡ. ಅವಳು ಕಲಿಯುತ್ತಿದ್ದ ಕಾಲಕ್ಕೆ ಅಣ್ಣ ಗಡಿಯಾರ ಹಿಡಿದು, ಪತ್ರಿಕೆ ಓದಿ ಹೇಳಿ ಬರೆಸುತ್ತಿದ್ದ. ತಂಗಿಗೆ ಜೊತೆಯಾಗಲೆಂದು ತಾನೂ ಒಂದು ತಿಂಗಳು ಕಲಿಯಲು ಕೂತಿದ್ದ. ಅವನ ಕೈ ಮೆದು, ಒತ್ತಲು ಬಾರದು. ಅವನು 'ಬೇಡ' ಎಂದು ಬರೆದಾಗೆಲ್ಲ ಅದು 'ಪೇಟ' ಆಗುತ್ತಿತ್ತು. ಊಟಕ್ಕೆ ಕೂತಾಗ ಅನ್ನ ಬೇಡ ಎನ್ನುವ ಬದಲು ಇಬ್ಬರೂ ಪೇಟ, ಪೇಟ ಎಂದು ನಗಾಡಿದ್ದರು. ಜಗತ್ತಿನಲ್ಲಿ ಆ ತಪ್ಪನ್ನು ಮಾಡುವ ಕೈ ಒಂದೇ ಇತ್ತು. ಅದು ನಾಲ್ಕು ವರ್ಷದ ಹಿಂದೆ ಬೂದಿಯಾಗಿತ್ತು.

ಬೇಡ. ಬೇಡ ಮರಿ. ಬೇಡ.

ಅವಳು ಅಣ್ಣನ ಬೀರುವನ್ನು ತೆರೆದಳು. ಮಡಿಸಿದ ಅಂಗಿಗಳ ಕೆಳಗೆ, ದಾರ ಕಟ್ಟಿದ ಒಂದು ಕಟ್ಟು: ಮೊದಲ ಭಾಗದ ಕೈಬರಹ. ಮೊದಲ ಪುಟಗಳಲ್ಲಿ ಅಣ್ಣನ ದುಂಡು ಅಕ್ಷರ, ಮುತ್ತು ಪೋಣಿಸಿದ ಹಾಗೆ. ನಾಲ್ಕನೆಯ ಅಧ್ಯಾಯಕ್ಕೆ ಸಾಲುಗಳು ಇಳಿಜಾರಾಗಿದ್ದವು. ಆ ಅಧ್ಯಾಯದಲ್ಲಿ ಕತೆಯ ಗಂಡಸಿಗೆ ಒಂದು ಕಣ್ಣು ಹೋಗುತ್ತದೆ. ಏಳಕ್ಕೆ ಅಕ್ಷರ ಮಕ್ಕಳ ಅಕ್ಷರವಾಗಿ ದೊಡ್ಡದಾಗಿತ್ತು. ಕೊನೆಯ ಹಾಳೆಯಲ್ಲಿ ಬರೀ ಗೀರು. ಅದರ ಹಿಂದಿನ ಹಾಳೆಯ ಅಂಚಿನಲ್ಲಿ, ಕತೆಗೆ ಸೇರದ ಎರಡು ಸಾಲು: 'ಇವತ್ತು ಆಗಲ್ಲ ಅಂದೆ. ಬರಿ ಅಂದಳು.'

ಕಟ್ಟನ್ನು ಎದೆಗೊತ್ತಿಕೊಂಡು ಅವಳು ಮೆಟ್ಟಿಲಿಳಿದಳು. ಅತ್ತಿಗೆಯ ಕೋಣೆಯ ಬಾಗಿಲು ಓರೆಯಾಗಿತ್ತು. ಕನ್ನಡಿಯ ಮುಂದೆ ಕೂತು ಅತ್ತಿಗೆ ತಲೆ ಬಾಚಿಕೊಳ್ಳುತ್ತಿದ್ದಳು. ಬಲಗೈಯಲ್ಲಿ. ಜೋಲಿ ಮಂಚದ ಮೇಲೆ ಬಿದ್ದಿತ್ತು. ಐದು ಬೆರಳೂ ಚುರುಕಾಗಿ ಜಡೆಯ ಕಾಲುಗಳನ್ನು ಹೆಣೆಯುತ್ತಿದ್ದವು. ಗುಣಗುಣಿಸುತ್ತಲೂ ಇದ್ದಳು.

ಸ್ಟೆನೊ ಚಪ್ಪಲಿ ಮೆಟ್ಟದೆ ಬೀದಿಗೆ ಬಂದಳು. ಬಸ್ ನಿಲ್ದಾಣದವರೆಗೆ ಎಡಗಾಲನ್ನು ಎಳೆದುಕೊಂಡು ನಡೆದಳು. ಕಲ್ಲು ಬೆಂಚಿನ ಮೇಲೆ ಕುಸಿದು, ಮೊದಲು ಬರುವ ಬಸ್ಸಿಗೆ ಹತ್ತುತ್ತೇನೆ, ಎಲ್ಲಿಗಾದರೂ ಸರಿ, ಎಂದುಕೊಂಡಳು. ಬಿಸಿಲಿತ್ತು. ಜನರಿದ್ದರು. ಪಕ್ಕದಲ್ಲಿ ಒಬ್ಬಾಕೆ ಮಗುವಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು.

ಆಗ ಅವಳ ಕಣ್ಣು ತನ್ನ ಬಲಗೈಯ ಮೇಲೆ ಬಿತ್ತು. ತೋರುಬೆರಳು ತೊಡೆಯ ಮೇಲೆ ಓಡಾಡುತ್ತಿತ್ತು. ತೆಳು ಗೆರೆ, ದಪ್ಪ ಗೆರೆ, ಕೊಕ್ಕೆ, ಚುಕ್ಕೆ. ಬರೆಯುತ್ತಿತ್ತು. ಅವಳು ಓದಿದಳು. 'ಅವಳು ಓಡಿಹೋಗಿ ಕಲ್ಲಿನ ಮೇಲೆ ಕೂತಳು. ಅವಳ ಉಸಿರು ಗಿಡ್ಡವಾಗತೊಡಗಿತು.'

ಉಸಿರು ಗಿಡ್ಡವಾಗತೊಡಗಿತು.

ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದಳು. ಬೆರಳು ಅಂಗೈಯೊಳಗೇ ಬರೆಯಿತು. ಬಸ್ಸು ಬಂತು, ಹೋಯಿತು. ದೂರ ಹೋದರೂ ಕತೆ ಮುಗಿಯುತ್ತದೆ. ಹೇಳುವವಳು ಇಲ್ಲದಿದ್ದರೂ ಮುಗಿಯುತ್ತದೆ. ಎಲ್ಲಾದರೂ, ಯಾವುದಾದರೂ ಬಸ್ಸಿನ ಸೀಟಿನಲ್ಲಿ, ಅಪರಿಚಿತರ ನಡುವೆ.

ತುಂಬ ಹೊತ್ತು ಕೂತಿದ್ದಳು. ಅಣ್ಣನ ಅಂಚಿನ ಸಾಲು ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು. ಭಯ ಮೆಲ್ಲಗೆ ಕೆಳಗಿಳಿದು ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು, ಕಹಿಯಾದದ್ದು, ಗಟ್ಟಿಯಾದದ್ದು. ರುಚಿ ಹೋದ ನಾಲಿಗೆಗೂ ಆ ಕಹಿ ತಿಳಿಯಿತು. ಬರೆಯಲೇಬೇಕಾದರೆ ಹೇಳುವವಳ ಎದುರು ಕೂತು ಬರೆಯುತ್ತೇನೆ.

ಎದ್ದು ವಾಪಸು ನಡೆದಳು.

ಅತ್ತಿಗೆ ಒಳಕೋಣೆಯಲ್ಲೇ ಇದ್ದಳು, ಜೋಲಿ ಹಾಕಿಕೊಂಡು. "ಎಲ್ಲಿ ಹೋಗಿದ್ದೆ ಮರಿ? ಕೊನೇ ಅಧ್ಯಾಯ ಒಂದೇ ಬಾಕಿ. ಇವತ್ತೇ ಮುಗಿಸ್ಬಿಡೋಣ."

"ಮುಗಿಸೋಣ ಅತ್ತಿಗೆ," ಎಂದಳು ಸ್ಟೆನೊ. ಬಾಗಿಲನ್ನು ಪೂರ್ತಿ ಹಾಕಿದಳು. ಬೆಳಕಿನ ಗೆರೆ ಸತ್ತುಹೋಯಿತು.

ಕತ್ತಲು. ಹೊರಗೆ ಮೂರು ಗಂಟೆಯ ಸೂರ್ಯ ಇದ್ದಾನೆಂದು ನಂಬಲಾಗದ ಕತ್ತಲು. ಸುಣ್ಣದ ಹಸಿ ನಾತ ಮೂಗಿಗೆ ಹೊಡೆಯಿತು. ಸುಟ್ಟ ಕೂದಲು. ಕಾಗದದ ಮೇಲೆ ಪೆನ್ಸಿಲಿನ ಕಿರ್ರು ಸದ್ದು. ಗೋಡೆಯ ತೇಪೆಯ ಕಡೆಯಿಂದ ಇನ್ನೊಂದು ಕಿರ್ರು ಸದ್ದು, ಒಳಗಿನಿಂದ ಉಗುರಿನಲ್ಲಿ ಕೆರೆದ ಹಾಗೆ, ಪೆನ್ಸಿಲಿನ ಜೊತೆ ಜೊತೆಗೇ.

"ಅವಳು ಒಳಕೋಣೆಗೆ ಬಂದಳು," ಎಂದಿತು ಅತ್ತಿಗೆಯ ದನಿ. "ಬಾಗಿಲು ಹಾಕಿಕೊಂಡಳು. ಇನ್ನು ಅವಳು ಅಲ್ಲಿಂದ ಏಳುವುದಿಲ್ಲ. ಅವಳ ಎದೆಯ ಮೇಲೆ ಒಂದು ಕಲ್ಲು ಬಂದು ಕೂತಿತು."

ಕೂತಿತು. ಸ್ಟೆನೊ ಬಾಯಿ ತೆರೆದಳು. ಗಾಳಿ ಬರಲಿಲ್ಲ. ಕೈ ಮಾತ್ರ ಓಡುತ್ತಿತ್ತು. ಎದೆಯಲ್ಲಿ ಉಳಿದಿದ್ದ ಒಂದು ಹಿಡಿ ಉಸಿರನ್ನು ಅವಳು ಮಾತಿಗೆ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಅವಳು ಯಾವ ಸಾಕ್ಷಿಗೂ ಒಂದು ಪ್ರಶ್ನೆ ಕೇಳಿದವಳಲ್ಲ. ಕೇಳುವುದು ವಕೀಲರ ಕೆಲಸ. ಅವಳದ್ದು ಬರೆದುಕೊಳ್ಳುವುದು.

"ತಗಡು ಎಲ್ಲಿತ್ತು?" ಎಂದಳು. ತಗಡೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮೊದಲ ಭಾಗದಲ್ಲಿ ಓದಿದ್ದಳು, ಗೋಡೆಯೊಳಗೆ ಕೂದಲು ಸುತ್ತಿದ ತಾಮ್ರದ ತಗಡು ಎಂದು.

"ಈ ಗೋಡೆಯಲ್ಲಿ," ಎಂದಿತು ದನಿ, ಅದೇ ಓಟದಲ್ಲಿ. "ಮೊಳೆ ಹೊಡೆಯುವಾಗ ಗಾರೆ ಬಿತ್ತು."

"ಅದ್ರಲ್ಲಿ ಏನಿತ್ತು?"

"ಹೇಳಿದವಳ ಮಾತು ಊರೆಲ್ಲ ಕೇಳುತ್ತದೆ. ಬರೆದವರನ್ನು ಮನೆ ತಿನ್ನುತ್ತದೆ. ಹಾಗಂತ ಕೊರೆದಿತ್ತು. ಕೈ ಬೇರೆಯವರದ್ದಾಗಬೇಕು. ಸ್ವಂತದವರದ್ದಾಗಬೇಕು."

"ಓದಿದ್ದು ಯಾರು?"

"ನಾನು."

ಪೆನ್ಸಿಲು ಕಾಗದದ ಮೇಲೆ ಒತ್ತಿತು. ಸಾಕ್ಷಿಯ ಮಾತನ್ನು ಸಾಕ್ಷಿಯ ಬಾಯಲ್ಲೇ ಬರೆಯಬೇಕು. ಅವನು, ಅವಳು ಎಂದು ಬರೆಯುವಂತಿಲ್ಲ. 'ನಾನು ಓದಿದೆ' ಎಂದು ಬರೆದಳು. ಎದೆಯ ಕಲ್ಲು ಒಂದು ಕೂದಲೆಳೆಯಷ್ಟು ಸರಿಯಿತು.

"ಅಣ್ಣನಿಗೆ ಗೊತ್ತಿತ್ತಾ?"

"ಆರನೇ ಅಧ್ಯಾಯದ ಹೊತ್ತಿಗೆ ಗೊತ್ತಾಯಿತು."

"ಮತ್ತೆ ಯಾಕೆ ಬಿಡಲಿಲ್ಲ?"

"ನಾನು ಬಿಡಲಿಲ್ಲ. ಅತ್ತ. ನಾನು ಕೈಗೆ ಪೆನ್ನು ಕೊಟ್ಟೆ. ಇಪ್ಪತ್ತು ವರ್ಷ ನಾನು ಬರೆದೆ, ಒಬ್ಬರು ಓದಲಿಲ್ಲ. ನಿಮ್ಮಮ್ಮ ನನ್ನ ಕತೆಯ ಹಾಳೆಗಳನ್ನ ಡಬ್ಬಿಗಳ ಕೆಳಗೆ ಹಾಸಿದಳು. ನೀನು ಊಟದ ಹೊತ್ತಿನಲ್ಲಿ ನನ್ನ ನೋಟುಬುಕ್ಕು ಎತ್ತಿಕೊಂಡು ನಾಟಕದವರ ಹಾಗೆ ಓದಿದೆ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಬಡಿಸಿದೆ."

ನಿಜ. ಸ್ಟೆನೊಗೆ ನೆನಪಿತ್ತು. ತಾನು ಹುಬ್ಬು ಹಾರಿಸಿ ಓದಿದ್ದು, ಅಮ್ಮನಿಗೆ ನಕ್ಕು ನಕ್ಕು ನೀರು ನೆತ್ತಿಗೇರಿದ್ದು, ಅಣ್ಣ ಅರ್ಧ ಊಟಕ್ಕೆ ಎದ್ದುಹೋದದ್ದು. ಕೈ ಅದನ್ನೂ ಬರೆದುಕೊಂಡಿತು. ಉಸಿರು ಬಂತು. ಇನ್ನೊಂದು.

"ಈಗ ಈ ಕೋಣೆಯಲ್ಲಿ ಕೂತಿರೋದು ಯಾರು?" ಎಂದಳು.

"ನಾನು."

"ಬಾಗಿಲು ಹಾಕಿರೋ ಕೋಣೆಯಿಂದ ಏಳದೆ ಇರೋದು ಯಾರು?"

ದನಿ ಮೊದಲ ಸಲ ತಡೆಯಿತು. ಗೋಡೆಯ ಕೆರೆತವೂ ನಿಂತಿತು. ಯಾವುದೋ ಕಿವಿಗೊಟ್ಟು ಕಾಯುತ್ತಿರುವ ಹಾಗೆ.

"ನಾನು," ಎಂದಿತು ಬಾಯಿ. ಮರುಕ್ಷಣವೇ ಅತ್ತಿಗೆಯ ನಿಜವಾದ ದನಿ ಕತ್ತಲಿನಲ್ಲಿ ಒಡೆದುಬಂತು. "ಏನು ಬರ್ದೆ? ಮರಿ, ಏನು ಬರ್ಕೊಂಡೆ?"

"ನೀವು ಹೇಳಿದ್ದನ್ನೇ."

"ಹೊಡೆದು ಹಾಕು. ಅದನ್ನ ಹೊಡೆದು ಹಾಕು."

"ಹೊಡೆದು ಹಾಕೋ ಅಧಿಕಾರ ಸ್ಟೆನೊಗೆ ಇಲ್ಲ ಅತ್ತಿಗೆ."

ಅತ್ತಿಗೆಯ 'ನಾನು' ಆಗಿಯೇ ಬರೆಯುತ್ತಿದ್ದಳು. 'ನನ್ನ ಎದೆಯ ಮೇಲೆ ಕಲ್ಲು.' ಕುರ್ಚಿ ಕಿರುಗುಟ್ಟಿತು. 'ನನ್ನ ಬಲಗೈ ಹೋಯಿತು.' ಏನೋ ನೆಲಕ್ಕೆ ಬಡಿಯಿತು. ಉಗುರು ನೆಲ ಕೆರೆಯಿತು. ಆಗ ಅವಳ ಕೈಯ ಕೆಳಗೆ, ಅವಳದ್ದಲ್ಲದ ಒಂದು ಸೆಳೆತ. ತೆಳ್ಳಗಿನ ಗೆರೆ. ಮೆದುವಾದ, ಒತ್ತಲು ಬಾರದ ಗೆರೆ. ಕತ್ತಲಲ್ಲೂ ಬೆರಳಿಗೆ ತಿಳಿಯಿತು. ಪೇಟ. ಅವಳ ಕೈ ತಡೆದು ನಿಂತಿತು. ಮತ್ತೆ ಪೇಟ. ಅಣ್ಣ ಬೇಡ ಎನ್ನುತ್ತಿದ್ದ. ಅವಳ ಉಸಿರು ಅವಳಿಗೆ ಮರಳಿತ್ತು. ಈ ಬೇಡ ಅವಳಿಗಾಗಿ ಅಲ್ಲ.

ತನ್ನನ್ನು ತಿಂದವಳಿಗಾಗಿ ಬೇಡುತ್ತಿದ್ದ.

ಒಂದು ಕ್ಷಣ. ನಿಲ್ಲಿಸಬಹುದಿತ್ತು. ಕೈ ಈಗ ಅವಳದ್ದೇ ಆಗಿತ್ತು, ಯಾರ ಹಿಡಿತದಲ್ಲೂ ಇರಲಿಲ್ಲ. ಪೆನ್ಸಿಲನ್ನು ಕೆಳಗಿಟ್ಟರೆ ಆಗುತ್ತಿತ್ತು.

ಪೆನ್ಸಿಲನ್ನು ಒತ್ತಿ ಹಿಡಿದು ಅವಳು ಕೊನೆಯ ಸಾಲು ಬರೆದಳು. 'ನನ್ನ ಮಾತು ನಿಂತಿತು.' ಮೊನೆ ಮುರಿಯಿತು.

ಸದ್ದಡಗಿತು. ಆಮೇಲೆ ತೆಳ್ಳಗಿನ ಗೆರೆ ಬರಲಿಲ್ಲ. ಎಷ್ಟು ಹೊತ್ತು ಕಾದರೂ ಬರಲಿಲ್ಲ.

ಪಾರ್ಶ್ವವಾಯು ಎಂದರು ಆಸ್ಪತ್ರೆಯಲ್ಲಿ. ಬಲಭಾಗ ಪೂರ್ತಿ, ಮಾತು ಪೂರ್ತಿ. ತಿಳುವಳಿಕೆ ಮಾತ್ರ ಚೆನ್ನಾಗಿದೆ, ಅವರಿಗೆ ಎಲ್ಲ ಕೇಳಿಸುತ್ತೆ, ಎಲ್ಲ ಅರ್ಥ ಆಗುತ್ತೆ, ಎಂದರು ಡಾಕ್ಟರು, ಸಮಾಧಾನ ಹೇಳುವ ದನಿಯಲ್ಲಿ. ಮನೆಗೆ ಕರೆದುಕೊಂಡು ಹೋಗಲು ಯಾರಿದ್ದೀರಿ ಎಂದಾಗ ಮುಂದೆ ಬರಲು ಬೇರೆ ಯಾರೂ ಇರಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ನಾದಿನಿ ಒಬ್ಬಳೇ.

ಸ್ಟೆನೊ ಪ್ರಕಾಶಕರಿಗೆ ಪುಸ್ತಕ ಆಗುವುದಿಲ್ಲ ಎಂದಳು. ಹಾಳೆಗಳನ್ನೆಲ್ಲ ಹಿತ್ತಲಿನಲ್ಲಿ ಸುಟ್ಟಳು. ಬೇರೆ ಯಾವುದೇ ಕಾಗದದ ಹಾಗೆಯೇ ಅವೂ ಉರಿದವು. ರುಚಿ ಮರಳಲಿಲ್ಲ, ಎಡಗಿವಿ ಮರಳಲಿಲ್ಲ, ಕಾಲಿನ ಜೋಮು ಇಳಿಯಲಿಲ್ಲ. ಮನೆಯಲ್ಲಿ ಸುಣ್ಣದ ವಾಸನೆ ಹೋಗಿತ್ತು. ಬೀದಿಯ ಸದ್ದೂ ಈಗ ಒಳಗೆ ಕೇಳುತ್ತಿತ್ತು. ಟೈರಿಗೆ ಬೀಳುವ ಸುತ್ತಿಗೆಯ ಏಟನ್ನು ಎಣಿಸುತ್ತಾ ಅವಳು ಅತ್ತಿಗೆಯ ಮೈ ಒರೆಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು, ಉಪ್ಪಿದೆಯೋ ಇಲ್ಲವೋ ತನಗೇ ತಿಳಿಯದ ಗಂಜಿಯನ್ನು ಆರಿಸಿ ಉಣಿಸುತ್ತಿದ್ದಳು. ನೆರೆಯವರು, ಒಡಹುಟ್ಟಿದವರೂ ಇಷ್ಟು ಮಾಡಲ್ಲ, ಎಂದು ಕೊಂಡಾಡಿದರು. ಅದನ್ನು ಕೇಳಿದಾಗ ಅವಳು ತಲೆ ತಗ್ಗಿಸುತ್ತಿದ್ದಳು.

ವ್ಯಾಯಾಮ ಮಾಡಿಸಲು ದಿನ ಬಿಟ್ಟು ದಿನ ಒಬ್ಬ ನರ್ಸಮ್ಮ ಬರುತ್ತಿದ್ದಳು. ಬಾಯಿ ತುಂಬ ಮಾತಿನ, ಗಟ್ಟಿ ತೋಳಿನ ಹೆಂಗಸು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಖುಷಿಯಿಂದ ಕರೆದಳು.

"ಬನ್ನಿ ಇಲ್ಲಿ, ನೋಡಿ. ಬಲಗೈ ಆಸೆ ಬಿಡಿ. ಆದ್ರೆ ಎಡಗೈ ಬೆರಳು ಎಷ್ಟು ಚೆನ್ನಾಗಿ ಬಗ್ತಿವೆ. ಇವತ್ತು ನನ್ನ ಪೆನ್ನು ಹಿಡ್ಕೊಂಡ್ರು, ಗೊತ್ತಾ? ಇನ್ನೊಂದು ತಿಂಗಳು ಬಿಟ್ರೆ ಬರೀತಾರೆ. ಒಂದು ಸ್ಲೇಟು ತಂದಿಡಿ. ಒಳಗೆ ಹೇಳ್ಕೊಳ್ಳೋದು ಎಷ್ಟಿದೆಯೋ ಪಾಪ."

ಸ್ಟೆನೊ ಮಂಚದ ಕಡೆ ನೋಡಿದಳು. ಅತ್ತಿಗೆ ನರ್ಸಮ್ಮನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ನಾದಿನಿಯ ಮೇಲೆ ನೆಟ್ಟಿತ್ತು. ಹೊದಿಕೆಯ ಮೇಲೆ ಎಡಗೈಯ ಬೆರಳುಗಳು ಒಂದೊಂದಾಗಿ ಮಡಿಸಿ ಬಿಡಿಸಿಕೊಳ್ಳುತ್ತಿದ್ದವು. ಆ ಕಣ್ಣಿನಲ್ಲಿದ್ದದ್ದು ಸಿಟ್ಟೋ, ಬೇಡಿಕೆಯೋ, ಕ್ಷಮೆಯೋ ಹೇಳುವುದು ಕಷ್ಟ. ಏನೇ ಇರಲಿ, ಅದಕ್ಕೆ ಬರೆಯಲು ಒಂದು ಕೈ ಸಿಕ್ಕಿತ್ತು.

"ತುಂಬ ಉಪಕಾರ ಆಯ್ತು ನಿಮ್ಮಿಂದ," ಎಂದಳು ಸ್ಟೆನೊ. "ನಾನೂ ನೋಡಿ ನೋಡಿ ಎಲ್ಲ ಕಲ್ತ್ಕೊಂಡಿದೀನಿ. ನಾಳಿದ್ದಿಂದ ನಿಮಗೆ ತೊಂದ್ರೆ ಕೊಡಲ್ಲ. ನಾನೇ ಮಾಡಿಸ್ತೀನಿ."

"ನಿಲ್ಲಿಸ್ಬೇಡಿ ಮತ್ತೆ. ನಿಲ್ಲಿಸಿದ್ರೆ ಬೆರಳು ಮತ್ತೆ ಗಟ್ಟಿಯಾಗ್ಬಿಡುತ್ವೆ."

"ಗೊತ್ತು," ಎಂದಳು ಅವಳು.

ನರ್ಸಮ್ಮನನ್ನು ಬಾಗಿಲವರೆಗೆ ಕಳಿಸಿ ಬಂದಳು. ಅತ್ತಿಗೆಯ ಎಡಗೈಯನ್ನು ಎತ್ತಿ ಹೊದಿಕೆಯೊಳಗೆ ಇಟ್ಟಳು. ಹೊದಿಕೆಯ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದಳು, ತಲೆಯಿಂದ ಕಾಲಿನವರೆಗೆ, ಎಲ್ಲೂ ಸಡಿಲ ಉಳಿಯದ ಹಾಗೆ. ಒಳಗೆ ಬೆರಳುಗಳು ಸ್ವಲ್ಪ ಹೊತ್ತು ಮಿಸುಕಾಡಿ ಸುಮ್ಮನಾದವು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಕೂತು, ಗಂಜಿಯ ಬಟ್ಟಲಿನಲ್ಲಿ ಚಮಚ ಅದ್ದಿ, ಬಾಯಿಯಿಂದ ಊದಿ ಆರಿಸಿದಳು.

"ಬಾಯಿ ತೆಗಿ," ಎಂದಳು.

ಅತ್ತಿಗೆ ಬಾಯಿ ತೆರೆದಳು.